ಮೀನಿನೂಟಕ್ಕೆ ನಾರು ಬೇಕೆ?

ಉಡುಪಿಯಿಂದ ತೆಂಕಲಾಗಿ ಕಟಪಾಡಿ, ಕಾಪುಗಳನ್ನು ದಾಟಿ ಬಂದರೆ ಹೆದ್ದಾರಿಯ ಬದಿಯಲ್ಲಿ ಉಚ್ಚಿಲದ ಮಹಾಲಕ್ಷ್ಮೀ ದೇವಾಲಯವು ಕಾಣಿಸುತ್ತದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಗದ್ದೆ ತೋಟಗಳು. ಈ ಎರಡರ ನಡುವೆ ಬಾಳುವ ಜನರ ಊಟವೂ ಈ ಎರಡರಿಂದಲೇ ಆಗಿಬಂದಿದೆ. ಗದ್ದೆಯಿಂದ ಕುಚ್ಚಲಕ್ಕಿ, ಕಡಲಿನಿಂದ ಬಂಗುಡೆ ಬೂತಾಯಿ, ಹಿತ್ತಿಲಿನಿಂದ ಬಸಳೆ, ತೆಂಗು. ಇತ್ತೀಚೆಗೆ ಈ ಎಲೆಯಿಂದ ಅನ್ನಕ್ಕೆ ಗಡೀಪಾರಿನ ಶಿಕ್ಷೆ ವಿಧಿಸುವವರು ಕರಾವಳಿಯ ಪಟ್ಟಣಗಳಲ್ಲಿ ಕಾಣಿಸಿಕೊಂಡಿದ್ದಾರೆ. ಅನ್ನದ ಬೆನ್ನಿಗೇ ಬೇಳೆ ಹೋಯಿತು, ಬೇಳೆಯ ಬೆನ್ನಿಗೇ ಹಣ್ಣು ಹೋಯಿತು, ಕೊನೆಗೆ ಬಸಳೆಯೂ ಹೋಯಿತು. ಉಳಿದುದು ಮೀನು, ಮೊಟ್ಟೆ, ಮಾಂಸ, ತುಪ್ಪ. ಇಂತಹ ಊಟದಲ್ಲಿ ನಾರು ಎಂಬ ವಸ್ತುವು ಲೇಶಮಾತ್ರವೂ ಇಲ್ಲ. ಏಕೆಂದರೆ ನಾರು ಗಿಡಮರಗಳ ಸ್ವತ್ತು. ಮೀನಿನಲ್ಲಾಗಲಿ ಕುರಿಯಲ್ಲಾಗಲಿ ಅದು ಹುಟ್ಟುವುದಿಲ್ಲ.

ಹಾಗಾದರೆ ಈ ನಾರು ಮನುಷ್ಯನಿಗೆ ಬೇಕೇ ಬೇಕೆ? ಇಲ್ಲದಿದ್ದರೆ ಆಗುವ ಹಾನಿಯೇನು? ಒಂದು ಪಕ್ಷದವರು, ನಾರಿಲ್ಲದ ಊಟವು ಕರುಳಿಗೆ ವಿಷವೆನ್ನುತ್ತಾರೆ. ಇನ್ನೊಂದು ಪಕ್ಷದವರು, ಜೀರ್ಣವೇ ಆಗದ ವಸ್ತುವನ್ನು ನುಂಗುವುದು ಮೌಢ್ಯವೆನ್ನುತ್ತಾರೆ. ಎರಡು ಪಕ್ಷಗಳಲ್ಲಿಯೂ ಉತ್ಸಾಹವು ವಿಚಾರವನ್ನು ಮೀರಿದೆ. ಸಸ್ಯಾಹಾರ ಮಾಂಸಾಹಾರಗಳ ಹಳೆಯ ವ್ಯಾಜ್ಯವನ್ನು ಇಲ್ಲಿ ಮತ್ತೆ ಹೂಡುವ ಇಚ್ಛೆ ನಮಗಿಲ್ಲ. ಮೀನು ಕರಾವಳಿಯ ಜನರ ಜೀವನಾಧಾರವೂ ಹೌದು, ಉತ್ತಮವಾದ ಆಹಾರವೂ ಹೌದು. ವೈದ್ಯಶಾಸ್ತ್ರವು ಈವರೆಗೆ ಕಂಡುಕೊಂಡಿರುವುದೇನು ಎಂಬುದನ್ನು ಓದುಗರ ಮುಂದಿಟ್ಟು, ತೀರ್ಮಾನಕ್ಕೆ ದಾರಿ ಮಾಡುವುದಷ್ಟೇ ನಮ್ಮ ಉದ್ದೇಶ.

ಮೊದಲು, ಅನ್ನವನ್ನು ಬಿಟ್ಟವರಿಗೆ ನ್ಯಾಯ ಸಲ್ಲಿಸಬೇಕು. ಅವರು ಚಪಲದಿಂದ ಬಿಟ್ಟವರಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆ. ಅದೇ ಸಮೀಕ್ಷೆಯ ಮುಂದಿನ ವರದಿಯು, ಭಾರತೀಯನು ತನ್ನ ಆಹಾರದ ಶಕ್ತಿಯಲ್ಲಿ 100ಕ್ಕೆ 62ರಷ್ಟನ್ನು ಪಿಷ್ಟ ಸಕ್ಕರೆಗಳಿಂದಲೇ ಪಡೆಯುತ್ತಾನೆಂದೂ, ಅದರಲ್ಲಿ ಬಹುಪಾಲು ಪಾಲಿಶ್ ಮಾಡಿದ ಅಕ್ಕಿ ಮೊದಲಾದವುಗಳದೆಂದೂ ತೋರಿಸಿದೆ. ಪಿಷ್ಟವನ್ನು ತಗ್ಗಿಸಿದರೆ ರಕ್ತದ ಸಕ್ಕರೆಯು ತಗ್ಗುವುದೆಂಬುದು ಹೊಸ ಮಾತೂ ಅಲ್ಲ. 1797ರಲ್ಲಿಯೇ ಜಾನ್ ರಾಲೊ ಎಂಬ ಸೇನಾವೈದ್ಯನು ಮಧುಮೇಹಿಯಾದ ಒಬ್ಬ ಅಧಿಕಾರಿಗೆ ಮಾಂಸಪ್ರಧಾನವಾದ ಪಥ್ಯವನ್ನು ವಿಧಿಸಿ ಗುಣ ಕಂಡ ವೃತ್ತಾಂತವನ್ನು ಪ್ರಕಟಿಸಿದ್ದನು. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತನು ರೊಟ್ಟಿ, ಸಕ್ಕರೆ, ಆಲೂಗಡ್ಡೆಗಳನ್ನು ಬಿಟ್ಟು ಮೈ ಇಳಿಸಿಕೊಂಡ ಕಥೆಯನ್ನು ಬರೆದು ಪ್ರಸಿದ್ಧನಾದನು. ನಮ್ಮ ಕಾಲದಲ್ಲಿ, 2021ರಲ್ಲಿ, 23 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪಿಷ್ಟವನ್ನು ತಗ್ಗಿಸಿದ ಮಧುಮೇಹಿಗಳಲ್ಲಿ ಆರು ತಿಂಗಳ ಕೊನೆಗೆ ರೋಗವು ಶಮನಸ್ಥಿತಿಗೆ ಬಂದವರು ಇತರರಿಗಿಂತ ಹೆಚ್ಚಾಗಿದ್ದರು. ವರ್ಷ ತುಂಬುವ ಹೊತ್ತಿಗೆ ಆ ಲಾಭವು ಬಹುಮಟ್ಟಿಗೆ ಕರಗಿತ್ತೆಂಬುದನ್ನೂ ಜೊತೆಗೇ ಹೇಳಬೇಕು. ಅಂತೂ ಅನ್ನವನ್ನು ತಗ್ಗಿಸುವುದರಲ್ಲಿ ಅರ್ಥವಿದೆ. ಅನ್ನದ ಬೆನ್ನಿಗೆ ಬಸಳೆಯನ್ನೂ ಓಡಿಸುವುದರಲ್ಲಿ ಅರ್ಥವಿದೆಯೆ ಎಂಬುದೇ ಪ್ರಶ್ನೆ.

ಬೇಕು ಎಂಬ ಮಾತಿಗೆ ಎರಡು ಅರ್ಥಗಳಿವೆ. ಅದಿಲ್ಲದೆ ಬದುಕಲಾಗದು ಎಂಬುದೊಂದು; ಅದಿದ್ದರೆ ಬದುಕು ಲೇಸು ಎಂಬುದಿನ್ನೊಂದು. ಮೊದಲನೆಯ ಅರ್ಥದಲ್ಲಿ ನಾರು ಬೇಕೆಂದು ಹೇಳಲಾಗದು. ಸಿ ಜೀವಸತ್ವವಿಲ್ಲದಿದ್ದರೆ ಸ್ಕರ್ವಿ ಬರುತ್ತದೆ, ಅಯೋಡಿನ್ ಇಲ್ಲದಿದ್ದರೆ ಗಳಗಂಡ ಬರುತ್ತದೆ. ನಾರಿಲ್ಲದೆ ಬರುವಂತಹ, ನಾರು ಕೊಟ್ಟೊಡನೆ ಹೋಗುವಂತಹ ಒಂದು ನಿರ್ದಿಷ್ಟ ರೋಗಕ್ಕೆ ಹೆಸರಿಲ್ಲ. ಉತ್ತರಧ್ರುವದ ಹಿಮದೇಶಗಳಲ್ಲಿ ವರ್ಷಗಟ್ಟಲೆ ಸಂಚರಿಸಿ, ಅಲ್ಲಿಯ ಇನ್ಯುಯಿಟ್ ಜನರೊಡನೆ ಬಾಳಿದ ವಿಲ್ಯಾಲ್ಮುರ್ ಸ್ಟೆಫಾನ್ಸನ್ ಎಂಬ ಸಾಹಸಿಯು, ಬರಿಯ ಮಾಂಸದಿಂದ ಮನುಷ್ಯನು ಬದುಕಬಲ್ಲನೆಂದು ಸಾರಿದಾಗ ವೈದ್ಯರು ನಂಬಲಿಲ್ಲ. 1928ರಲ್ಲಿ ಅವನೂ ಅವನ ಜೊತೆಗಾರ ಕಾರ್ಸ್ಟೆನ್ ಆಂಡರ್ಸನನೂ ನ್ಯೂಯಾರ್ಕಿನ ಬೆಲ್ಲೆವ್ಯೂ ಆಸ್ಪತ್ರೆಯಲ್ಲಿ ವೈದ್ಯರ ಕಣ್ಗಾವಲಿಗೆ ಒಪ್ಪಿಸಿಕೊಂಡು, ಒಂದು ವರ್ಷಕಾಲ ಮಾಂಸವನ್ನಲ್ಲದೆ ಬೇರೇನನ್ನೂ ತಿನ್ನಲಿಲ್ಲ. 1930ರಲ್ಲಿ ವೈದ್ಯರು ವರದಿಯನ್ನು ಪ್ರಕಟಿಸಿದರು. ಇಬ್ಬರೂ ಸ್ವಸ್ಥರಾಗಿದ್ದರು, ಸ್ಕರ್ವಿ ತಗುಲಲಿಲ್ಲ, ಕರುಳಿನ ಕೆಲಸಕ್ಕೂ ಭಂಗ ಬರಲಿಲ್ಲ. ಆರಂಭದಲ್ಲಿ ಕೊಬ್ಬಿಲ್ಲದ ಬರಿಯ ಕೆಂಪು ಮಾಂಸವನ್ನು ಕೊಟ್ಟಾಗ ಸ್ಟೆಫಾನ್ಸನನಿಗೆ ಭೇದಿಯಾಯಿತು. ಕೊಬ್ಬನ್ನು ಸೇರಿಸಿದೊಡನೆ ನಿಂತಿತು.

ಈ ಪ್ರಯೋಗವನ್ನು ಮಾಂಸಪಕ್ಷದವರು ಇಂದಿಗೂ ಧ್ವಜದಂತೆ ಎತ್ತಿ ಹಿಡಿಯುತ್ತಾರೆ. ಆದರೆ ಅದು ಎಷ್ಟು ಭಾರ ಹೊರಬಲ್ಲುದೆಂಬುದನ್ನು ನೋಡಬೇಡವೆ? ಪ್ರಯೋಗಕ್ಕೆ ಒಳಗಾದವರು ಇಬ್ಬರು. ಕಾಲ ಒಂದು ವರ್ಷ. ಹಣದ ನೆರವಿನಲ್ಲಿ ಅಮೆರಿಕದ ಮಾಂಸವ್ಯಾಪಾರಿಗಳ ಸಂಘದ ಪಾಲೂ ಇದ್ದಿತು. ಅವರು ತಿಂದುದು ಬರಿಯ ತುಂಡುಗಳನ್ನಲ್ಲ. ಯಕೃತ್ತು, ಮೂತ್ರಪಿಂಡ, ಮೆದುಳು, ಮಜ್ಜೆಗಳೂ ಅದರಲ್ಲಿ ಸೇರಿದ್ದವು. ಇನ್ಯುಯಿಟ್ ಜನರಾದರೋ ಬೇಸಗೆಯಲ್ಲಿ ಕಾಡುಹಣ್ಣುಗಳನ್ನೂ, ಕಡಲಕಳೆಯನ್ನೂ, ಬೇಟೆಯಾಡಿದ ಹಿಮಸಾರಂಗದ ಹೊಟ್ಟೆಯೊಳಗಿನ ಅರೆಜೀರ್ಣವಾದ ಮೇವನ್ನೂ ಬಿಡುತ್ತಿರಲಿಲ್ಲ. ಕರುಳಿನ ಅರ್ಬುದವಾಗಲಿ ಹೃದ್ರೋಗವಾಗಲಿ ಒಂದು ವರ್ಷದಲ್ಲಿ ತಲೆದೋರುವ ವ್ಯಾಧಿಗಳಲ್ಲ. ಇಪ್ಪತ್ತು ಮೂವತ್ತು ವರ್ಷ ಮರೆಯಲ್ಲಿದ್ದು ಮೇಲೇಳುವಂಥವು. ಆದುದರಿಂದ ಬೆಲ್ಲೆವ್ಯೂ ಪ್ರಯೋಗವು, ನಾರಿಲ್ಲದೆ ಒಂದು ವರ್ಷ ಬದುಕಬಹುದೆಂಬುದನ್ನು ಸಿದ್ಧಪಡಿಸಿತು. ನಾರಿಲ್ಲದೆ ಆಯುಷ್ಯವಿಡೀ ಕ್ಷೇಮವಾಗಿರಬಹುದೆಂಬುದನ್ನು ಸಿದ್ಧಪಡಿಸಲಿಲ್ಲ.

ಇನ್ನು ನಾರು ಮಾಡುವ ಕೆಲಸವೇನು? ಬಹುಕಾಲದವರೆಗೆ ವೈದ್ಯರೇ ಅದನ್ನು ಕಸವೆಂದು ತಿಳಿದಿದ್ದರು. ಆ ದೃಷ್ಟಿಯನ್ನು ಬದಲಿಸಿದವರಲ್ಲಿ ಯುಗಾಂಡದಲ್ಲಿ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ ಪ್ರಮುಖರು. ಆಫ್ರಿಕದ ಹಳ್ಳಿಗರಲ್ಲಿ ಮಲಬದ್ಧತೆ, ಕರುಳಿನ ಅರ್ಬುದ ಮೊದಲಾದ ರೋಗಗಳು ಏಕೆ ಅಪೂರ್ವವೆಂದು ಯೋಚಿಸಿ, ಅವರ ಊಟದ ನಾರೇ ಕಾರಣವಿರಬೇಕೆಂದು ಅವರೂ ಅವರ ಸಂಗಡಿಗರೂ 1970ರ ದಶಕದಲ್ಲಿ ವಾದಿಸಿದರು. ಆ ವಾದದಲ್ಲಿ ಅತ್ಯುಕ್ತಿಯೂ ಇದ್ದಿತು. ಆದರೆ ಅದು ತೆರೆದ ಬಾಗಿಲು ದೊಡ್ಡದು. ನಾರನ್ನು ನಾವು ಜೀರ್ಣಿಸಿಕೊಳ್ಳಲಾರೆವು ನಿಜ. ನಮ್ಮ ದೊಡ್ಡ ಕರುಳಿನಲ್ಲಿ ನೆಲಸಿರುವ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಜೀರ್ಣಿಸಿಕೊಳ್ಳುತ್ತವೆ. ಅವು ನಾರಿನ ಒಂದು ಭಾಗವನ್ನು ಹುಳಿಯಿಸಿ, ಬ್ಯುಟಿರೇಟ್ ಮೊದಲಾದ ಕಿರು ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬೇಕಾದ ಶಕ್ತಿಯಲ್ಲಿ ಬಹುಪಾಲು ಒದಗುವುದು ಈ ಬ್ಯುಟಿರೇಟಿನಿಂದಲೇ. ಮನೆಯೊಡೆಯನು ತಿನ್ನದ ಅಕ್ಕಚ್ಚು ಕೊಟ್ಟಿಗೆಯ ಹಸುವಿಗೆ ಸಂದು, ಹಾಲಾಗಿ ಮನೆಯೊಡೆಯನಿಗೇ ಮರಳುವಂತೆ ಇದರ ವ್ಯವಸ್ಥೆ. ಜೊತೆಗೆ ಕರಗುವ ಜಾತಿಯ ನಾರು ಪಿತ್ತರಸವನ್ನು ಹಿಡಿದಿಟ್ಟು ರಕ್ತದ ಕೊಲೆಸ್ಟರಾಲನ್ನು ತಗ್ಗಿಸುತ್ತದೆ. ಸಕ್ಕರೆಯು ರಕ್ತಕ್ಕೆ ಧಾವಿಸದಂತೆ ತಡೆಯುತ್ತದೆ. ಕರಗದ ಜಾತಿಯದು ಮಲಕ್ಕೆ ಗಾತ್ರ ಕೊಡುತ್ತದೆ.

ಪ್ರಮಾಣಗಳೂ ಬಲವಾಗಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ನಡೆದು 2019ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ 185 ದೀರ್ಘಾವಧಿಯ ಅವಲೋಕನಗಳನ್ನೂ 58 ಪ್ರಯೋಗಗಳನ್ನೂ ಒಟ್ಟಿಗೆ ತೂಗಿ ನೋಡಲಾಯಿತು. ನಾರನ್ನು ಅತಿ ಕಡಿಮೆ ತಿನ್ನುವವರಿಗಿಂತ ಹೆಚ್ಚು ತಿನ್ನುವವರಲ್ಲಿ ಮರಣ, ಹೃದ್ರೋಗ, ಪಾರ್ಶ್ವವಾಯು, ಮಧುಮೇಹ, ದೊಡ್ಡ ಕರುಳಿನ ಅರ್ಬುದ ಇವು 100ಕ್ಕೆ 15ರಿಂದ 30ರಷ್ಟು ಕಡಿಮೆ. ದಿನಕ್ಕೆ 25ರಿಂದ 29 ಗ್ರಾಮುಗಳ ಮಟ್ಟದಲ್ಲಿ ಲಾಭವು ಅತ್ಯಧಿಕ. 2023ರಲ್ಲಿ ಆ ಸಂಸ್ಥೆಯು ವಯಸ್ಕರಿಗೆ ದಿನವಹಿ ಕನಿಷ್ಠ 25 ಗ್ರಾಮು ನಾರನ್ನು ಗೊತ್ತುಪಡಿಸಿತು. ಇನ್ನೊಂದು ಪ್ರಯೋಗವು ಸ್ವಾರಸ್ಯವಾದುದು. 2015ರಲ್ಲಿ ಪ್ರಕಟವಾದ ಅದರಲ್ಲಿ ಅಮೆರಿಕದ 20 ಮಂದಿ ಆಫ್ರಿಕನ್ ಮೂಲದವರೂ ದಕ್ಷಿಣ ಆಫ್ರಿಕದ 20 ಮಂದಿ ಹಳ್ಳಿಗರೂ ಎರಡು ವಾರಗಳ ಮಟ್ಟಿಗೆ ಊಟವನ್ನು ಅದಲುಬದಲು ಮಾಡಿಕೊಂಡರು. ಮಾಂಸ ಕೊಬ್ಬುಗಳ ಊಟಕ್ಕೆ ಬಂದ ಹಳ್ಳಿಗರ ಕರುಳಿನ ಒಳಪದರದಲ್ಲಿ ಉರಿಯೂತದ ಲಕ್ಷಣಗಳು ಹೆಚ್ಚಿದವು. ನಾರಿನ ಊಟಕ್ಕೆ ಬಂದ ಅಮೆರಿಕದವರಲ್ಲಿ ಅವು ತಗ್ಗಿದವು. ಎರಡೇ ವಾರಗಳಲ್ಲಿ!

ಎದುರು ಪಕ್ಷದ ಮಾತನ್ನೂ ಅಷ್ಟೇ ನಿಷ್ಪಕ್ಷಪಾತವಾಗಿ ಕೇಳಬೇಕು. ಅವರ ಆಕ್ಷೇಪಣೆಗಳು ಮೂರು. ಮಲಬದ್ಧತೆಗೆ ನಾರೇ ಮದ್ದೆಂಬುದು ಎಲ್ಲರ ವಿಷಯದಲ್ಲಿ ದಿಟವಲ್ಲ ಎಂಬುದು ಮೊದಲನೆಯದು. ಇದು ಒಪ್ಪತಕ್ಕ ಮಾತು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಾರಣ ತಿಳಿಯದ ಮಲಬದ್ಧತೆಯಿಂದ ನರಳುತ್ತಿದ್ದ 63 ಮಂದಿಗೆ ನಾರನ್ನು ಬಿಡಿಸಿ ನೋಡಿದಾಗ, ಪೂರ್ತಿ ಬಿಟ್ಟವರಿಗೆ ದಿನಕ್ಕೊಮ್ಮೆ ಶೋಧನೆಯಾಗತೊಡಗಿತು, ಹೊಟ್ಟೆಯುಬ್ಬರ ಹೋಯಿತು. ಅಧ್ಯಯನವು ಚಿಕ್ಕದು, ಹೋಲಿಕೆಗೆ ಬೇರೊಂದು ತಂಡವೂ ಇರಲಿಲ್ಲ. ಆದರೂ ನಾರು ತಿಂದಷ್ಟೂ ಬಾಧೆ ಹೆಚ್ಚುವ ರೋಗಿಗಳುಂಟೆಂಬುದನ್ನು ವೈದ್ಯರೇ ಬಲ್ಲರು. ಕರುಳು ಕಿರಿದಾದವರಿಗಂತೂ ಒರಟು ನಾರು ಅಪಾಯಕರ.

ಎರಡನೆಯ ಆಕ್ಷೇಪಣೆ: ನಾರು ತಿನ್ನುವವರು ಸಾಮಾನ್ಯವಾಗಿ ಹೊಗೆಸೊಪ್ಪನ್ನು ಸೇದದವರು, ನಡೆದಾಡುವವರು, ಅನುಕೂಲಸ್ಥರು, ಅವರ ಆರೋಗ್ಯಕ್ಕೆ ನಾರನ್ನೇ ಕಾರಣವೆನ್ನುವುದು ಹೇಗೆ? ಅಲ್ಲದೆ ಆ ಅವಲೋಕನಗಳೆಲ್ಲ ರೊಟ್ಟಿ ಅನ್ನಗಳನ್ನು ತಿನ್ನುವವರ ನಡುವೆ ನಡೆದುವು. ಪಿಷ್ಟವನ್ನೇ ಬಿಟ್ಟವರ ಮೇಲೆ ನಡೆದುವಲ್ಲ. ಇದರಲ್ಲಿಯೂ ಸತ್ಯಾಂಶವಿದೆ. ಪಿಷ್ಟರಹಿತ ಮಾಂಸಾಹಾರಿಗಳಲ್ಲಿ ಕೆಲವರಿಗೆ ನಾರು ಕೊಟ್ಟು ಕೆಲವರಿಗೆ ಬಿಡಿಸಿ, ಇಪ್ಪತ್ತು ವರ್ಷ ನಡೆಸಿದ ಪ್ರಯೋಗವು ಲೋಕದಲ್ಲಿ ಎಲ್ಲಿಯೂ ನಡೆದಿಲ್ಲ. ಆದರೆ ಈ ಕೊರತೆಯು ಇಬ್ಬಾಯ ಕತ್ತಿ. ನಾರು ಬೇಕೆನ್ನುವವರ ಬಳಿ ಪರಿಪೂರ್ಣವಾದ ಸಾಕ್ಷ್ಯವಿಲ್ಲ. ಬೇಡವೆನ್ನುವವರ ಬಳಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಮೂರನೆಯದಾಗಿ, ಪಿಷ್ಟವಿಲ್ಲದ ಊಟದಲ್ಲಿ ರಕ್ತದಲ್ಲಿ ಹುಟ್ಟುವ ಕೀಟೋನುಗಳು ಬ್ಯುಟಿರೇಟಿಗೆ ಹತ್ತಿರದ ಬಂಧುಗಳಾದುದರಿಂದ, ಕರುಳಿನ ಕೋಶಗಳಿಗೆ ಅವೇ ಸಾಕೆಂದು ಅವರು ಊಹಿಸುತ್ತಾರೆ. ಊಹೆಯು ಸೊಗಸಾಗಿದೆ, ಆದರೆ ಊಹೆಯನ್ನು ಮದ್ದಿನ ಚೀಟಿಯಾಗಿ ಮಾಡಿಕೊಳ್ಳುವ ಕಾಲ ಬಂದಿಲ್ಲ.

ಇನ್ನೊಂದು ಮಾತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು, ಸಂಸ್ಕರಿಸಿ ಕೆಡದಂತೆ ಮಾಡಿದ ಮಾಂಸವನ್ನು ಅರ್ಬುದಕಾರಕಗಳ ಮೊದಲ ವರ್ಗದಲ್ಲಿಯೂ, ಕುರಿ ದನ ಹಂದಿಗಳ ಕೆಂಪು ಮಾಂಸವನ್ನು ಬಹುಶಃ ಕಾರಕವೆಂಬ ಎರಡನೆಯ ವರ್ಗದಲ್ಲಿಯೂ ಇರಿಸಿತು. ಮೀನು ಆ ಪಟ್ಟಿಯಲ್ಲಿಲ್ಲ. ಆದುದರಿಂದ ಅಮೆರಿಕದ ಮಾಂಸಭಕ್ಷಕನ ಊಟವನ್ನೂ ಉಚ್ಚಿಲದ ಮೀನೂಟವನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಸಲ್ಲದು. ಕರಾವಳಿಯವನು ಪಿಷ್ಟವನ್ನು ತಗ್ಗಿಸಬೇಕಾದರೆ ಅವನ ಕೈಗೆ ಎಟುಕುವ ಬದಲಿ ಆಹಾರವು ಮೇಲಾದುದು. ಕೊರತೆಯಿರುವುದು ಎಲೆಯ ಇನ್ನೊಂದು ಮಗ್ಗುಲಲ್ಲಿ.

ಈ ಕೊರತೆಯನ್ನು ತುಂಬುವ ಉಪಾಯವನ್ನು ತುಳುನಾಡಿನ ಹಿರಿಯರು ಪುಸ್ತಕ ನೋಡದೆಯೇ ಕಂಡುಕೊಂಡಿದ್ದರು. ಮಳೆಗಾಲದ ಕಡಲು ದೋಣಿಯನ್ನು ಬಿಡಗೊಡದು. ಇಂದು ಸರಕಾರವೂ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳ ಮೀನುಗಾರಿಕೆಯನ್ನು ನಿಷೇಧಿಸಿದೆ. ಮೀನು ದುರ್ಲಭವಾದ ಆ ದಿನಗಳಲ್ಲಿ, ಆಟಿ ತಿಂಗಳಲ್ಲಿ, ಈ ಸೀಮೆಯ ಅಡುಗೆಮನೆಗಳಿಗೆ ಕೆಸುವಿನ ಎಲೆಯ ಪತ್ರೊಡೆ, ತಜಂಕಿನ ಸೊಪ್ಪು, ಕಣಿಲೆ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಹಲಸಿನ ಬೀಜ ಬರುತ್ತಿದ್ದುವು. ಎಲ್ಲವೂ ನಾರಿನ ಭಂಡಾರಗಳೇ. ಕಡಲು ಕೊಡದಿದ್ದುದನ್ನು ಹಿತ್ತಿಲೂ ಗುಡ್ಡವೂ ಕೊಡುತ್ತಿದ್ದುವು. ಉಡುಪಿಯ ಮಠಗಳ ಚಾತುರ್ಮಾಸ್ಯವನ್ನು ನೋಡಿರಿ. ಅಲ್ಲಿ ಶಾಕವ್ರತವೆಂದು ತರಕಾರಿಗಳನ್ನು ಬಿಡುವುದುಂಟು. ಆದರೆ ಅದಕ್ಕೆ ಒಂದು ತಿಂಗಳ ಅವಧಿಯೆಂದು ಗೊತ್ತುಮಾಡಿದೆ. ಅನಂತರ ಮೊಸರನ್ನು ಬಿಡುವ ತಿಂಗಳು, ಹಾಲನ್ನು ಬಿಡುವ ತಿಂಗಳು, ದ್ವಿದಳವನ್ನು ಬಿಡುವ ತಿಂಗಳು ಒಂದಾದ ಮೇಲೊಂದು ಬರುತ್ತವೆ. ಬಿಡುವುದಕ್ಕೂ ಒಂದು ಗಡುವು ಬೇಕೆಂಬ ವಿವೇಕವು ಅದರಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ. ಇಂದಿನ ಹೊಸ ವ್ರತಕ್ಕಾದರೋ ಗಡುವೂ ಇಲ್ಲ, ಪಾರಣೆಯೂ ಇಲ್ಲ.

ಪಿಷ್ಟವನ್ನು ಬಿಟ್ಟರೆ ನಾರನ್ನೂ ಬಿಡಲೇಬೇಕೆಂಬುದು ಶುದ್ಧ ತಪ್ಪುಕಲ್ಪನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕವನ್ನು ತೆರೆದರೆ, 100 ಗ್ರಾಮು ಹಸಿ ಪದಾರ್ಥಕ್ಕೆ ಪಾಲಿಶ್ ಅಕ್ಕಿಯಲ್ಲಿ ಸುಮಾರು 3 ಗ್ರಾಮು, ಹರಿವೆ ಸೊಪ್ಪಿನಲ್ಲಿ ಸುಮಾರು 4, ಬದನೆಯಲ್ಲಿ ಸುಮಾರು 4, ಹುರುಳಿಯಲ್ಲಿ ಹಾಗೂ ನುಗ್ಗೆಸೊಪ್ಪಿನಲ್ಲಿ ಸುಮಾರು 8, ರಾಗಿಯಲ್ಲಿ 11 ಗ್ರಾಮು ನಾರಿರುವುದು ಕಾಣುತ್ತದೆ. ಹಸಿ ತೆಂಗಿನಕಾಯಿಯಲ್ಲಿ 9ರಿಂದ 10 ಗ್ರಾಮಿದೆ. ಅದರಲ್ಲಿ ಜೀರ್ಣವಾಗುವ ಪಿಷ್ಟ ಸಕ್ಕರೆಗಳು ನಾರಿಗಿಂತಲೂ ಕಡಿಮೆ. ತೆಂಗಿನ ನಾಡಿನಲ್ಲಿ ಕುಳಿತು ನಾರಿಗಾಗಿ ಔಷಧದ ಅಂಗಡಿಗೆ ಹೋಗುವುದು ವಿಚಿತ್ರವಲ್ಲವೆ?

ಲೆಕ್ಕವನ್ನೇ ಹಾಕೋಣ. ಒಂದು ದಿನದ ಎರಡು ಊಟಗಳಲ್ಲಿ ಮೀನಿನ ಜೊತೆಗೆ 100 ಗ್ರಾಮು ಹರಿವೆಯ ಪಲ್ಯ, ಕಟಪಾಡಿಯ ಬಳಿಯ ಮಟ್ಟುವಿನಲ್ಲಿ ಬೆಳೆದು 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಗುಳ್ಳಬದನೆ 100 ಗ್ರಾಮು, ಮಸಾಲೆಗೂ ಪಲ್ಯಕ್ಕೂ ಸೇರಿ ತೆಂಗಿನ ತುರಿ 50 ಗ್ರಾಮು, ಹುರುಳಿ ಸಾರಿಗೆ ಕಾಳು 50 ಗ್ರಾಮು, ಒಂದು ಪೇರಲೆಹಣ್ಣು. ನಾರು 22 ಗ್ರಾಮಿಗೆ ಕಡಿಮೆಯಾಗದು. ಕಾಳನ್ನು ಬೇಯಿಸಿ ಕಟ್ಟನ್ನಷ್ಟೇ ಕುಡಿಯದೆ ಕಾಳನ್ನೂ ತಿನ್ನಬೇಕೆಂಬುದು ಮಾತ್ರ ಷರತ್ತು. ಇಷ್ಟರಲ್ಲಿ ಜೀರ್ಣವಾಗುವ ಪಿಷ್ಟ ಸಕ್ಕರೆಗಳು 50 ಗ್ರಾಮಿನ ಆಸುಪಾಸು. ದಿನಕ್ಕೆ 150 ಗ್ರಾಮು ಅಕ್ಕಿಯನ್ನು ಉಂಡರೆ ಅದೊಂದರಿಂದಲೇ 110 ಗ್ರಾಮು ದಾಟುತ್ತದೆ. ಅನ್ನವನ್ನು ಪೂರ್ತಿ ಬಿಡಲಾರದವರು ಪಾಲಿಶ್ ಅಕ್ಕಿಯ ಬದಲು ತೌಡು ಉಳಿದ ಕೆಂಪು ಕುಚ್ಚಲಕ್ಕಿಯನ್ನು ಮಿತವಾಗಿ ಉಣ್ಣಲಿ. ಬೇಯಿಸಿ ತಣಿಸಿದ ಅನ್ನದಲ್ಲಿ ಪಿಷ್ಟದ ಒಂದಂಶವು ನಾರಿನಂತೆಯೇ ವರ್ತಿಸುವುದರಿಂದ ಅಜ್ಜಿಯರ ತಂಗಳು ಗಂಜಿಗೂ ಶಾಸ್ತ್ರದ ಆಧಾರವುಂಟು. ಆದರೆ ಆ ಲಾಭವು ಅಲ್ಪ, ಮಧುಮೇಹಿಯು ಅದನ್ನು ನೆಪಮಾಡಿಕೊಂಡು ಬಟ್ಟಲು ತುಂಬಿಸಿಕೊಳ್ಳಬಾರದು.

ಎಚ್ಚರಿಕೆಯ ಮಾತುಗಳನ್ನು ಹೇಳದೆ ಮುಗಿಸಿದರೆ ಕರ್ತವ್ಯಲೋಪವಾದೀತು. ಇನ್ಸುಲಿನ್ ಅಥವಾ ಸಲ್ಫೊನೈಲ್ಯೂರಿಯ ಜಾತಿಯ ಗುಳಿಗೆಗಳನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಮ್ಮೆಗೇ ಪಿಷ್ಟವನ್ನು ಬಿಟ್ಟರೆ ರಕ್ತದ ಸಕ್ಕರೆಯು ಕುಸಿದು ಪ್ರಾಣಕ್ಕೆ ಸಂಚಕಾರವಾದೀತು. ಗ್ಲಿಫ್ಲೋಜಿನ್ ಎಂದು ಕೊನೆಗೊಳ್ಳುವ ಹೆಸರಿನ ಹೊಸ ಗುಳಿಗೆಗಳನ್ನು ನುಂಗುವವರಿಗೆ ಪಿಷ್ಟತ್ಯಾಗದಿಂದ ರಕ್ತವು ಆಮ್ಲವಾಗುವ ಅಪಾಯವಿದೆ. ಮೂತ್ರಪಿಂಡಗಳ ರೋಗವಿರುವವರಿಗೆ ಮಾಂಸದ ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು. ಮಾಂಸಪ್ರಧಾನವಾದ ಊಟವನ್ನು ಹಿಡಿದವರು ಕೊಲೆಸ್ಟರಾಲನ್ನು ಪರೀಕ್ಷಿಸಿಕೊಳ್ಳುತ್ತಿರಬೇಕು. ನಾರನ್ನು ಹೆಚ್ಚಿಸುವವರೂ ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ, ನೀರಿನೊಡನೆ ಹೆಚ್ಚಿಸತಕ್ಕದ್ದು.

ಅಧಿಕಾರಿಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆಯಿದೆ. ಊಟವು ಮನೆಯ ವಿಷಯವೆಂದು ಸರಕಾರವು ಕೈ ತೊಳೆದುಕೊಳ್ಳಲಾಗದು. ನ್ಯಾಯಬೆಲೆ ಅಂಗಡಿಯ ಅಕ್ಕಿ, ಶಾಲೆಯ ಬಿಸಿಯೂಟ, ಆಸ್ಪತ್ರೆಯ ಪಥ್ಯದ ಪಟ್ಟಿ ಇವೆಲ್ಲ ಸರಕಾರದ ಕೈಯಲ್ಲೇ ಇವೆ. ಪಡಿತರದಲ್ಲಿ ಸ್ಥಳೀಯವಾದ ಕೆಂಪು ಕುಚ್ಚಲಕ್ಕಿಯನ್ನು ಕೊಡಬೇಕೆಂಬ ಬೇಡಿಕೆಯು ಕರಾವಳಿಯಲ್ಲಿ ಬಹುದಿನಗಳಿಂದ ಕೇಳಿಬಂದಿದೆ. ಅದು ರುಚಿಯ ಹಟವಲ್ಲ, ಆರೋಗ್ಯದ ಹಕ್ಕು. ಮಧುಮೇಹಿಗೆ ಅನ್ನ ಬೇಡವೆಂದು ಹೇಳಿ ಕಳುಹಿಸುವ ವೈದ್ಯರು, ಅದರ ಬದಲಿಗೆ ಏನು ಎಂಬುದನ್ನು ಹುರುಳಿ, ಹರಿವೆ, ಬಸಳೆ, ನುಗ್ಗೆಗಳ ಹೆಸರು ಹಿಡಿದು ಕನ್ನಡದಲ್ಲಿ ಬರೆದುಕೊಡಲಿ. 1953ರಿಂದ ವೈದ್ಯಕೀಯ ಕಾಲೇಜನ್ನು ಹೊಂದಿರುವ ಮಣಿಪಾಲವು ಇಲ್ಲಿಂದ ಕೂಗಳತೆಯಲ್ಲಿದೆ. ಮೀನನ್ನು ಬಿಡದೆ ಪಿಷ್ಟವನ್ನು ತಗ್ಗಿಸಿದ ಕರಾವಳಿಯ ಜನರಲ್ಲಿ ನಾರಿದ್ದರೇನು, ಇಲ್ಲದಿದ್ದರೇನು ಎಂಬುದನ್ನು ಪರೀಕ್ಷಿಸಲು ಇದಕ್ಕಿಂತ ತಕ್ಕ ನೆಲವು ಎಲ್ಲಿದೆ?

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು. ನಾರಿಲ್ಲದೆ ಮನುಷ್ಯನು ಸಾಯುವುದಿಲ್ಲ; ಆ ಮಟ್ಟಿಗೆ ಅದು ಅನಿವಾರ್ಯವಲ್ಲ. ಆದರೆ ನಾರಿನ ಪರವಾಗಿ ದೊರೆತಿರುವ ಸಾಕ್ಷ್ಯವು ಬಹಳ, ಅದನ್ನು ಬಿಡುವುದರಿಂದ ಸಿಗುವ ಲಾಭವು ಕೆಲವೇ ರೋಗಿಗಳಿಗೆ. ಬಿಡದೆಯೇ ಪಿಷ್ಟವನ್ನು ತಗ್ಗಿಸುವ ದಾರಿ ಇರುವಾಗ, ತನ್ನ ಕರುಳನ್ನೇ ಇಪ್ಪತ್ತು ವರ್ಷಗಳ ಪ್ರಯೋಗಶಾಲೆಯಾಗಿ ಮಾಡಿಕೊಳ್ಳುವುದು ವಿವೇಕವಲ್ಲ. ಅನ್ನಕ್ಕೆ ರಜೆ ಕೊಡುವವರು ಕೊಡಲಿ. ಚಪ್ಪರದ ಬಸಳೆಯು ಯಾರಿಗೂ ಅಪರಾಧ ಮಾಡಿಲ್ಲ.